ಗುಡ್ರುನ್ ಅಜ್ಜಿಯ ಲೈನಿನ ಪೆಟ್ಟಿಗೆ

ಮೊಂಟಾನಾದ ನಮ್ಮ ಟೆಲಿಫೋನ್ ಸಹಕಾರ ಸಂಘದ ಎಕ್ಸ್‌ಚೇಂಜಿನಿಂದ ಗುಡ್ರುನ್ ಅಜ್ಜಿಯ ಮನೆಗೆ ಮೂವತ್ತು ಮೈಲಿ ತಂತಿ. ಅಷ್ಟು ದೂರ ಹೋಗುವಷ್ಟರಲ್ಲಿ ಕರೆಂಟು ಸೋತುಹೋಗುತ್ತದೆ. ಅದಕ್ಕೆ ಬಲ ಕೊಡುವ ಪೆಟ್ಟಿಗೆಯೊಂದು ಎಕ್ಸ್‌ಚೇಂಜಿನಲ್ಲೇ ಆ ಲೈನಿಗೆ ಇತ್ತು. ಮ್ಯಾನೇಜರ್ ಎಲ್ಡನ್ ಅದನ್ನು ಕೀಳಿಸಿ, ಬೇಟೆಗೆಂದು ಕಟ್ಟಿಸಿದ್ದ ತನ್ನ ಮನೆಯ ಲೈನಿಗೆ ಹಾಕಿಸಿಕೊಂಡ. ಕಿತ್ತುಕೊಟ್ಟವನು ಸಂಘದ ಮೆಕ್ಯಾನಿಕ್ ಆದ ನಾನೇ. ಕಳೆದ ವಾರ ಅಜ್ಜಿ ಬಿದ್ದು ಕಾಲು ಮುರಿದುಕೊಂಡಳು. ಎಷ್ಟು ಡಯಲ್ ಮಾಡಿದರೂ ಫೋನು ಹೋಗದೆ, ಅಂಚೆಯವನು ಬರುವವರೆಗೆ ನೆಲದ ಮೇಲೇ ಇದ್ದಳು. ಈಗ ಕಾಲಿಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದಿದ್ದಾಳೆ.

"ವಾರಕ್ಕೊಂದು ಸಲ ಮಾತಾಡೋ ಮುದುಕಿಗೆ ಅದ್ಯಾಕಯ್ಯ?" ಎಂದ ಎಲ್ಡನ್, ನಾನು ಪೆಟ್ಟಿಗೆಯನ್ನು ವಾಪಸ್ ಕೇಳಿದಾಗ.

"ನಿಮ್ಮ ಜಿಂಕೆಗಳು ಫೋನ್ ಎತ್ತುತ್ವಾ? ನಮ್ಮ ಸಂಘದ ಕಂಬಗಳನ್ನ ನೆಟ್ಟಿದ್ದೇ ಅವಳ ಗಂಡ!"

ಅವನೆದುರೇ ಅವನ ಲೈನಿನಿಂದ ಪೆಟ್ಟಿಗೆಯನ್ನು ಕಿತ್ತು ಅಜ್ಜಿಯ ಲೈನಿಗೆ ಹಾಕಿ, ಡಯಲ್ ಮಾಡಿದೆ.

"ಬಂತಲ್ಲೋ ಫೋನು! ಯಾವ ಕತ್ತೆ ಕಣೋ ಅದನ್ನ ಕಿತ್ತಿದ್ದು?"

"ನಾನೇ ಅಜ್ಜಿ" ಎಂದೆ.