ಗಾಜಿನ ಹತ್ತಿ

ದುರುಗಣ್ಣ ಮಿಲ್ಲಿನ ಕಬ್ಬಿಣದ ಗೇಟಿಗೆ ಎರಡೂ ಕೈ ಕೊಟ್ಟಾಗ ಅವನ ಹೆಂಡತಿ ಪಾರಮ್ಮನಿಗೆ ತಟ್ಟನೆ ನೆನಪಾಯಿತು. ಅಯ್ಯೋ, ನಿನ್ನೆ ಎಣ್ಣೆ ಮುಟ್ಟಿದ್ದೆನಲ್ಲ.

ಬಳ್ಳಾರಿಯ ಈ ಹತ್ತಿ ಮಿಲ್ಲಿನ ಬೆಲ್ಟಿಗೆ ಸಿಕ್ಕು ದುರುಗಣ್ಣನ ಎಡಪಾದ ತುಂಡಾಗಿ ವರ್ಷವಾಗಿತ್ತು. ಗೇಟು ಕಾಯುವ ಕೆಲಸ ಖಾಲಿಯಿದೆ, ಕೋಲು ಹಿಡಿಯದೆ ಒಮ್ಮೆ ತೆರೆದು ಒಮ್ಮೆ ಮುಚ್ಚಿ ತೋರಿಸಿದರೆ ನಿನಗೆ, ಇಲ್ಲದಿದ್ದರೆ ಸುಂಕಣ್ಣನಿಗೆ ಎಂದಿದ್ದರು ಮ್ಯಾನೇಜರ್ ಕೊಟ್ರಬಸಪ್ಪ. ಕೆಲಸ ತಪ್ಪಿದರೆ ಮಿಲ್ಲಿನವರು ಕೊಟ್ಟ ಮನೆಯನ್ನೂ ಬಿಡಬೇಕು. ಅದೇ ಕೆಲಸ ಕೇಳಿಕೊಂಡಿದ್ದ ಸುಂಕಣ್ಣ ಆಗಲೇ ಬಂದು ಕೈಕಟ್ಟಿ ನಿಂತಿದ್ದ.

ತುಂಡಾದ ಕಾಲಿಗೆ ರಾಳದ ಪಾದವನ್ನು ಅಚ್ಚಿನಲ್ಲಿ ಎರೆದುಕೊಟ್ಟವನು ಸತ್ಯನಾರಾಯಣಪೇಟೆಯ ಅಯ್ಯಣ್ಣ, ರಾಳ ಕಾಸಿ ಚಾಕುಗಳಿಗೆ ಹಿಡಿ ಹಾಕುವವನು. ಬರೀ ರಾಳದ ಮೊದಲ ಪಾದ ಮೂರೇ ಹೆಜ್ಜೆಗೆ ಹಪ್ಪಳದಂತೆ ಮುರಿದಿತ್ತು. ಒಳಗೆ ನಾರಿರಬೇಕು ಎಂದು ಅವನು ಯುದ್ಧಕಾಲದ ಯಾವುದೋ ಬಾಯ್ಲರ್ ಪೈಪಿಗೆ ಸುತ್ತಿದ್ದ ಗಾಜಿನ ಹತ್ತಿಯನ್ನು ಗುಜರಿಯಿಂದ ತಂದ. ರಾಳ ಒಂದು ಪದರ, ಗಾಜಿನ ಹತ್ತಿ ಒಂದು ಪದರ. ಕೈ ಒಣಗಿರಲಿ ತಂಗಿ, ಎಣ್ಣೆ ಸೋಕಿದರೆ ರಾಳ ಹತ್ತಿಯನ್ನು ಹಿಡಿಯುವುದಿಲ್ಲ ಎಂದು ಜೊತೆಗೆ ಕೈಹಾಕಿದ್ದ ಪಾರಮ್ಮನಿಗೆ ಹತ್ತು ಸಲ ಹೇಳಿದ್ದ. ಗಾಜಿನ ಎಳೆಗಳನ್ನು ಬಿಡಿಸುತ್ತ ಬಿಡಿಸುತ್ತ ಅವಳ ಕೈ ಉರಿಯಿತು. ತವರೂರು ಸಿರಿಗೇರಿಯಲ್ಲಿ ಮೆಣಸಿನಕಾಯಿ ಬಿಡಿಸಿ ಬೆಳೆದ ಕೈ ಅದು. ಉರಿ ಎಂದರೆ ಎಣ್ಣೆಯ ಬಟ್ಟಲಿಗೆ ತಾನಾಗಿಯೇ ಹೋಗುತ್ತದೆ. ಪಾದ ಅಂಟದಿರಲೆಂದು ಅಚ್ಚಿಗೆ ಸವರಲು ಇಟ್ಟಿದ್ದ ಕುಸುಬಿ ಎಣ್ಣೆಗೆ ಹೋಗಿಯೂ ಹೋಯಿತು. ಕೊನೆಯ ಪದರ, ಕಣಕಾಲಿನ ಹತ್ತಿರದ್ದು, ಆ ಕೈಯಿಂದಲೇ ಇಟ್ಟಿದ್ದಳು. ನೆನಪಾದದ್ದು ಈಗ, ಹಾಳಾದ್ದು.

"ತಡಿ," ಅಂದಳು. "ನಿನ್ನಿ ಎಣ್ಣಿ ಕೈಲೆ ಹತ್ತಿ ಇಟ್ಟೀನಿ. ಮುರೀತೈತಿ ಅದು."

ದುರುಗಣ್ಣ ತಿರುಗಿ ನೋಡಿದ. ಸಿಟ್ಟಾಗುವಷ್ಟೂ ಪುರುಸೊತ್ತಿರಲಿಲ್ಲ, ಹೆದರಿದ್ದ. "ಈಗ ಹೇಳ್ತಿಯೇನ?" ಎಂದಷ್ಟೇ ಅಂದು ಗೇಟು ತಳ್ಳಿದ.

ಗೇಟು ತೆರೆಯಿತು. ಕೊನೆಯ ಸಲ ಒತ್ತಿದಾಗ ಪಾದ ಚಟ್ಟೆಂದಿತು. ಕಣಕಾಲಿನ ಸುತ್ತ ಬಿರುಕು. ಆದರೂ ಕಳಚಿ ಬೀಳಲಿಲ್ಲ. ಬಿರುಕಿನೊಳಗೆ ಬಿಳಿ ಎಳೆಗಳು ಬಿಗಿದು ಹಿಡಿದಿದ್ದವು. ಎಣ್ಣೆ ಸೋಕದ ನಾಲ್ಕು ಎಳೆ ಅಲ್ಲೂ ಉಳಿದಿದ್ದವೇನೋ.

"ಇನ್ನ ಮುಚ್ಚು," ಅಂದರು ಕೊಟ್ರಬಸಪ್ಪ.

ಸುಂಕಣ್ಣ ಕಟ್ಟಿದ್ದ ಕೈ ಬಿಟ್ಟ. ಪಾರಮ್ಮ ಓಡಿಹೋಗಿ ಕುಕ್ಕರಗಾಲಲ್ಲಿ ಕೂತು ಬಿರುಕನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಗಂಡ ಒಂದು ಹೆಜ್ಜೆ ಇಟ್ಟರೆ ಅವಳೂ ಒಂದು ಹೆಜ್ಜೆ ತೆವಳಿದಳು. ಕೋಲು ಹಿಡಿಯಬಾರದು ಎಂದಿದ್ದರೇ ಹೊರತು ಹೆಂಡತಿ ಕಾಲು ಹಿಡಿಯಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ. ಗೇಟು ಧಡಾರನೆ ಮುಚ್ಚಿತು.

ಕೊಟ್ರಬಸಪ್ಪ ಗೇಟನ್ನೇ ನೋಡಿದರು, ಕಾಲನ್ನು ನೋಡಲಿಲ್ಲ. ಆಮೇಲೆ ದುರುಗಣ್ಣನ ಕೈಗೆ ಚಾವಿ ಕೊಟ್ಟು, ಸೋಮವಾರದೊಳಗೆ ಗಟ್ಟಿ ಪಾದ ಹಾಕಿಕೊಂಡು ಬಾ ಎಂದು ಒಳಗೆ ಹೋದರು.

ಪಾರಮ್ಮನ ಅಂಗೈಗೆ ಗಾಜಿನ ಎಳೆಗಳು ಚುಚ್ಚಿ ರಕ್ತದ ಚುಕ್ಕಿಗಳು ಎದ್ದಿದ್ದವು. ನೋಡಲಾರದೆ ಸುಂಕಣ್ಣನೇ ಗೇಟಿನ ಗಾಲಿಗೆ ಬಿಡುವ ಔಡಲೆಣ್ಣೆಯ ಡಬ್ಬಿ ತಂದು, ಹಚ್ಚಿಕೋ ಅಕ್ಕ ಎಂದ.

"ಬ್ಯಾಡಪ್ಪ," ಅಂದಳು. "ಇನ್ನೊಂದು ಪಾದ ಎರೀಬೇಕು."

ಉರಿಯುವ ಕೈಗಳನ್ನು ಸೆರಗಿಗೂ ತಾಗಿಸದೆ, ಬಿಸಿಲಿಗೆ ಅಗಲವಾಗಿ ಹಿಡಿದುಕೊಂಡು, ಅವಳು ಸತ್ಯನಾರಾಯಣಪೇಟೆಗೆ, ಅಯ್ಯಣ್ಣನ ಕಡೆ ನಡೆದಳು.