ಸೋಮವಾರ ಕೇಳಿದ್ದು, ಮಂಗಳವಾರ ಬರೆದದ್ದು

ನಮ್ಮಕ್ಕ ಕಾನೂನು ಮತ್ತು ಸಮಾಜಕಾರ್ಯ ಎರಡನ್ನೂ ಒಟ್ಟಿಗೆ ಓದುತ್ತಿದ್ದಳು. ನಾಲ್ಕು ವರ್ಷಕ್ಕೆ ಎರಡು ಡಿಗ್ರಿ. ತರಬೇತಿಗೆ ಸೋಮವಾರ ಉಚಿತ ಕಾನೂನು ನೆರವಿನ ಕಚೇರಿ, ಮಂಗಳವಾರ ಮಕ್ಕಳ ರಕ್ಷಣೆಯ ಕಚೇರಿ.

ಒಂದು ಸೋಮವಾರ ಬಟ್ಟೆ ಕಾರ್ಖಾನೆಯ ಹೆಂಗಸೊಬ್ಬಳು ಮನೆ ಖಾಲಿ ಮಾಡಬೇಕೆಂಬ ನೋಟಿಸ್ ಹಿಡಿದು ಬಂದಳು. ಮಾತಿನ ಮಧ್ಯೆ, ಮೂರು ವರ್ಷದ ಮಗಳನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆಂದು ಬಾಯಿಬಿಟ್ಟಳು.

ಅಕ್ಕ ಹೆಸರು ಹೇಳದೆ ಇಬ್ಬರು ಗುರುಗಳನ್ನು ಕೇಳಿದಳು.

"ಕಕ್ಷಿದಾರರ ಗುಟ್ಟು. ತುಟಿ ಪಿಟಕ್ ಅನ್ನಬೇಡ," ಎಂದರು ಕಾನೂನಿನ ಮೇಷ್ಟ್ರು.

"ಮಗುವಿನ ವಿಷಯ. ತಡ ಮಾಡದೆ ವರದಿ ಕೊಡು," ಎಂದರು ಸಮಾಜಕಾರ್ಯದ ಮೇಡಂ.

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಸಂಜೆ ಅಕ್ಕ ಆ ಹೆಂಗಸಿನ ಮನೆಗೇ ಹೋದಳು.

"ಮಕ್ಕಳ ಕಚೇರಿಗೆ ನೀವೇ ಹೋಗಿ ಹೇಳಿ. ಹಗಲು ಮಗು ನೋಡ್ಕೊಳ್ಳೋಕೆ ಅವರು ಜಾಗ ಕೊಡಿಸ್ತಾರೆ."

"ಮಗೂನೇ ಕಿತ್ಕೊಂಡ್ರೆ?"

"ತಾವಾಗೇ ಬಂದು ಸಹಾಯ ಕೇಳಿದವರಿಗೆ ಹಾಗೆ ಮಾಡಿದ್ದು ನಾನು ನೋಡಿಲ್ಲ."

"ಅಲ್ಲಿ ಯಾರ ಹತ್ರ ಹೇಳ್ಬೇಕು?"

"ನನ್ನ ಹತ್ರಾನೇ. ನಾಳೆ ಹತ್ತು ಗಂಟೆಗೆ."

ಮಂಗಳವಾರ ಅವಳು ಬಂದು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಕ್ಕ ಈಗಷ್ಟೇ ಕೇಳಿದವಳಂತೆ ಬರೆದುಕೊಂಡಳು. ಗುರುವಾರದಿಂದ ಮಗು ಶಿಶುವಿಹಾರಕ್ಕೆ ಹೋಗತೊಡಗಿತು.