ನೆಲ ನಡುಗಿದ ಗಳಿಗೆ

ಅಕ್ಕ ಗಂಗುಲಮ್ಮ ತೀರಿಕೊಂಡ ಸುದ್ದಿ ಎರ್ರಪ್ಪನವರಿಗೆ ಮುಟ್ಟಿದ್ದು ಕಡಲೆಕಾಯಿ ಹೊಲದಲ್ಲಿ, ಮಧ್ಯಾಹ್ನದ ರೈಲು ಹೋದ ಸ್ವಲ್ಪ ಹೊತ್ತಿಗೆ. ಅಕ್ಕನ ಮೈದುನನ ಮಗ ಮುನಿವೆಂಕಟಪ್ಪ ಚಿಂತಾಮಣಿಯಿಂದ ಬಂದವನು ಬದುವಿನ ಮೇಲೆ ನಿಂತು, "ಮಾವ, ದೊಡ್ಡಮ್ಮ ಬೆಳಿಗ್ಗೆ ಹೋಗ್ಬಿಟ್ರು" ಎಂದ. ಅದೇ ಗಳಿಗೆಯಲ್ಲಿ ಕಾಲ ಕೆಳಗಿನ ನೆಲ ನಡುಗಿತು. ಎರ್ರಪ್ಪನವರು ಕುಸಿದು ಬಿದ್ದರು.

ತಾಯಿ ಸತ್ತ ಮೇಲೆ ಅವರನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕ. ಎಪ್ಪತ್ತು ದಾಟಿದ ತಮ್ಮನನ್ನು "ಏ ಎರ್ರಾ" ಎಂದು ಕೂಗುವ ಬಾಯಿ ಲೋಕದಲ್ಲಿ ಅದೊಂದೇ ಉಳಿದಿತ್ತು. ಅಂಥವಳು ಹೋದಾಗ ಭೂಮಿತಾಯಿ ಸುಮ್ಮನಿರುವಳೇ ಎಂದು ಅವರು ನಂಬಿದರು, ನೆಲ ನಡುಗಿತೆಂದು ಕಂಡವರಿಗೆಲ್ಲ ಹೇಳಿದರು.

"ನಾನೂ ಅಲ್ಲೇ ನಿಂತಿದ್ನಲ್ಲ ಮಾವ, ನಂಗೇನೂ ಆಗ್ಲಿಲ್ಲ" ಎಂದ ಮುನಿವೆಂಕಟಪ್ಪ. ಊರಿನವರು, "ಏಕಾದಶಿ ಉಪವಾಸ ಜಾಸ್ತಿಯಾಗಿ ತಲೆ ತಿರುಗೈತೆ" ಎಂದು ನಕ್ಕರು. ಚಿಂತಾಮಣಿಯಲ್ಲಿ ಹದಿಮೂರನೆಯ ದಿನ ಕಳೆದು, ತಮ್ಮ ಬರಿದಾದ ಮನೆಗೆ ಮರಳಿದಾಗ ಆ ನಗು ಅವರನ್ನು ತಿನ್ನತೊಡಗಿತು. ನಡುಗಿದ್ದು ಭೂಮಿಯೋ, ತನ್ನ ತಲೆಯೋ? ತಲೆಯೇ ಆಗಿದ್ದರೆ, ಅಕ್ಕ ಹೋದದ್ದು ತನ್ನೊಬ್ಬನ ಹೊರತು ಯಾರಿಗೂ ತಾಗಿಲ್ಲ ಎಂದಾಯಿತು.

ಅವರ ಹೊಲದ ಅಂಚಿನಲ್ಲೇ ಒಂದು ಗುಂಡಿಯಿತ್ತು. ಎರಡು ವರ್ಷದ ಹಿಂದೆ, ೧೯೬೫ರಲ್ಲಿ, ಭೂಕಂಪ ಅಳೆಯುವವರು ಗೌರಿಬಿದನೂರಿನ ಸುತ್ತ ಇಂಥ ಗುಂಡಿಗಳನ್ನು ಸಾಲಾಗಿ ತೋಡಿ, ಒಳಗೆ ಯಂತ್ರವಿಟ್ಟು ಮುಚ್ಚಳ ಹಾಕಿದ್ದರು. ನೆಲ ಕೂದಲೆಳೆಯಷ್ಟು ಅಲುಗಿದರೂ ಅವರ ಕೇಂದ್ರದ ಕಾಗದದಲ್ಲಿ ಗೆರೆ ಏಳುತ್ತದಂತೆ. ಗುಂಡಿ ನೋಡಿಕೊಳ್ಳಲು ಬರುತ್ತಿದ್ದ ಅಲೀಪುರದ ತಾಜ್ ಪಾಷಾ ಪರಿಚಯದವನು. ಎರ್ರಪ್ಪನವರು ಕೇಂದ್ರಕ್ಕೆ ನಡೆದೇ ಹೋಗಿ ಅವನಿಗೆ ಎಲ್ಲವನ್ನೂ ಹೇಳಿದರು.

"ಏನಪ್ಪಾ ಪಾಷಾ, ನಿನ್ನ ಮಿಷನ್ನಿಗೆ ಅಳು ಬರ್ತದಾ?"

"ಸಂಬಳಾನೇ ಇಲ್ಲ ಅದಕ್ಕೆ, ಇನ್ನು ಅಳು ಎಲ್ಲಿಂದ ತಾತ?"

"ಹಂಗಾದ್ರೆ ನನ್ನ ಮುಖ ನೋಡಿ ಸುಳ್ಳು ಹೇಳಲ್ಲ. ಅವತ್ತಿಂದು ತೆಗಿ."

ತಾಜ್ ಪಾಷಾ ಸುರುಳಿ ಬಿಚ್ಚಿದ. "ಇದು ರೈಲು. ಸುತ್ತಲ ಗುಂಡಿಗಳಲ್ಲೆಲ್ಲಾ ಬಂದಿದೆ. ಆಮೇಲೆ..." ಬೆರಳು ನಿಂತಿತು. "ಇಲ್ಲೊಂದು ಗೆರೆ ಎದ್ದಿದೆ."

"ಅಂದ್ನಲ್ಲಾ, ದೇವುಡಾ!" ಎರ್ರಪ್ಪನವರು ಕೈಮುಗಿದರು.

"ನಿಲ್ಲಿ ತಾತ. ಭೂಮಿನೇ ನಡುಗಿದ್ರೆ ಎಲ್ಲಾ ಗುಂಡಿಯಲ್ಲೂ ಏಳ್ಬೇಕು. ಇದು ನಿಮ್ಮ ಹೊಲದ್ದು ಒಂದ್ರಲ್ಲೇ ಇದೆ." ಅವನು ತಲೆ ತಗ್ಗಿಸಿದ. "ನೀವು ಬಿದ್ರಲ್ಲ, ಅದು."

ಎರ್ರಪ್ಪನವರು ಬಹಳ ಹೊತ್ತು ನೋಡಿದರು. ಇರುವೆಯ ಕಾಲಿನಷ್ಟು ಗೆರೆ.

"ಯಾಕೆ ಬಿದ್ದೆ ಅಂತ ಬರ್ದೈತಾ?"

"ಇಲ್ಲ. ಯಾರು ಅಂತಾನೂ ಇಲ್ಲ. ಕುರಿ ಬಿದ್ರೂ ಹಿಂಗೇ ಬರುತ್ತೆ."

"ಆಗ್ಲಿ ಬಿಡಪ್ಪ. ಬಿದ್ದಿದ್ದಂತೂ ನಿಜ."

ಸಂಜೆ ಒಬ್ಬರೇ ಹೊಲಕ್ಕೆ ಬಂದರು. ಭೂಮಿ ಅಕ್ಕನಿಗಾಗಿ ನಡುಗಿರಲಿಲ್ಲ. ಆದರೆ ತನ್ನ ನಡುಕ ತಲೆಯೊಳಗೇ ಉಳಿಯದೆ ಮಣ್ಣಿಗೂ ಇಳಿದಿತ್ತು. ಅಷ್ಟನ್ನು ಯಂತ್ರ ಹೇಳಿತು. ಯಾಕೆಂಬುದನ್ನು ಬಲ್ಲವನು ದೇವರೊಬ್ಬನೇ. ಇನ್ನೊಂದು ಗೆರೆ ಏಳದಿರಲೆಂದು, ಗುಂಡಿಯ ಪಕ್ಕ ಕೈಯೂರಿ ಮೆಲ್ಲನೆ ಕುಳಿತರು. "ಏ ಎರ್ರಾ, ಕತ್ತಲಾಯ್ತು ಎದ್ದೇಳೋ" ಎನ್ನಲು ಯಾರೂ ಇರಲಿಲ್ಲ. ವಿದುರಾಶ್ವತ್ಥದ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದರು.

"ಅಶ್ವತ್ಥನಾರಾಯಣಾ, ನಮ್ಮಕ್ಕನ್ನ ನಡುಗದಿರೋ ನೆಲದ ಮೇಲೆ ಇಟ್ಕೋ. ಅವಳ ಜೀವ ತಣ್ಣಗಿರಲಿ, ತಂದೆ."